ಸಕ್ಕರೆಗೆ ಹುಟ್ಟಿದ ಮಕ್ಕಳು

ಹತ್ತೊಂಬತ್ತು ನೂರಾ ಎಂಬತ್ತೊಂದರ ಆರಿದ್ರಾ ಮಳೆ ಹಿಡಿದು ಐದನೆಯ ದಿನ. ಬೆಳಗಿನ ಹತ್ತು ಗಂಟೆ ಇದ್ದೀತು. ಬೆಳಗಾವಿಯ ಅಂಚಿನ ವಡಗಾವಿಯ ಓಣಿಯಲ್ಲಿ ಮಗ್ಗಗಳು ಒಂದೇ ಸಮನೆ ಖಟಖಟ ಅನ್ನುತ್ತಿದ್ದವು. ಅಂಚೆಯವನು ಗುರುಪಾದಪ್ಪನ ಕಟ್ಟೆಯ ಮೇಲೆ ನಿಂತು, ಮಳೆಗೆ ನೆನೆಯದ ಹಾಗೆ ಅಂಗಿಯೊಳಗೆ ಇಟ್ಟುಕೊಂಡಿದ್ದ ಉದ್ದನೆಯ ಲಕೋಟೆ ತೆಗೆದು ಕೊಟ್ಟ. ದಿಲ್ಲಿಯಿಂದ ಬಂದಿತ್ತು. ಗುರುಪಾದಪ್ಪ ನೂಲಿನ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಲಕೋಟೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಒಡೆಯದೆಯೇ ಓಣಿಗೆಲ್ಲ ಕೇಳುವಂತೆ ಕೂಗಿದ.

"ಪರವಾನಗಿ ಬಂತು! ನಮ್ಮ ಶಿವಲಿಂಗವ್ವ ಕೆನಡಾಕ್ಕ ಹೊಂಟಳು!"

ಶಿವಲಿಂಗವ್ವ ಅವನ ತಮ್ಮ ನಾಗಲಿಂಗನ ಹೆಂಡತಿ. ನಾಗಲಿಂಗ ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಅಚ್ಚು ಹಾಕುತ್ತಿದ್ದವನು, ಎಪ್ಪತ್ನಾಲ್ಕರಲ್ಲಿ ಅದೇ ಕೆಲಸದ ಮೇಲೆ ಕೆನಡಾ ಸೇರಿದ. ಆಗ ಮಗಳು ಗಂಗಾದೇವಿಗೆ ನಾಲ್ಕು ತಿಂಗಳು. ಐದು ವರ್ಷ ದುಡಿದ ಮೇಲೆ ಅಲ್ಲಿನ ಸರ್ಕಾರ, ನೀನು ಇಲ್ಲೇ ಕಾಯಂ ಇರು, ಹೆಂಡತಿ ಮಕ್ಕಳನ್ನೂ ಕರೆಸಿಕೋ ಎಂದಿತು. ನಾಗಲಿಂಗ ಅಲ್ಲಿಂದ ಜಾಮೀನು ಬರೆದುಕೊಟ್ಟ. ಇಲ್ಲಿಯ ಕಾಗದ ಪತ್ರವೆಲ್ಲ ಅಣ್ಣನ ಪಾಲಿಗೆ ಬಂತು.

ಕಾಗದದ ವಿಷಯದಲ್ಲಿ ಗುರುಪಾದಪ್ಪನದು ಒಂದು ನೇಮವಿತ್ತು. ಸರ್ಕಾರ ಒಂದು ಕೇಳಿದರೆ ನಾಲ್ಕು ಕೊಡಬೇಕು. ಕೇಳಿದಷ್ಟೇ ಕೊಡುವವನು ಬಡವ ಕಾಣುತ್ತಾನೆ. ದಿಲ್ಲಿಯ ಕೆನಡಾ ಕಚೇರಿಯವರು ಮದುವೆಯ ದಾಖಲೆ ಮತ್ತು ಹುಡುಗಿಯ ಜನ್ಮ ದಾಖಲೆ ಕೇಳಿದ್ದರು. ಇವನು ಅವೆರಡರ ಜೊತೆಗೆ ಲೈಟ್ ಬಿಲ್ಲು, ಮಠಕ್ಕೆ ದೇಣಿಗೆ ಕೊಟ್ಟ ಪಾವತಿ, ಹೊಸ ಮಗ್ಗದ ಮುಂದೆ ತಾನು ನಿಂತ ಫೋಟೋ, ಎಲ್ಲದರ ಮೇಲೆ ಕಿರೀಟ ಇಟ್ಟ ಹಾಗೆ ಮನೆಯ ರೇಷನ್ ಕಾರ್ಡಿನ ನಕಲು ಕಳಿಸಿದ್ದ. ಎಷ್ಟು ದೊಡ್ಡ ಮನೆತನ ಎಂದು ದಿಲ್ಲಿಗೂ ಗೊತ್ತಾಗಲಿ ಎಂದು.

ಪತ್ರ ಓದಲು ಹಿಂದಿನ ಓಣಿಯ ಗುರುಪುತ್ರಪ್ಪ ಮಾಸ್ತರರೇ ಆಗಬೇಕಿತ್ತು. ಸಾಲೆಯಿಂದ ನಿವೃತ್ತರಾದ ಮೇಲೆ ವಡಗಾವಿಯ ಇಂಗ್ಲೀಷೆಲ್ಲ ಅವರ ಸ್ವಾಧೀನದಲ್ಲಿತ್ತು. ಅವರು ಚಾಳೀಸು ಏರಿಸಿ ಪತ್ರವನ್ನು ಎರಡು ಸಲ ಓದಿದರು.

"ಗುರುಪಾದಪ್ಪ, ಕುಂದರು."

"ನಿಂತೀನ್ರಿ. ಯಾವಾಗ ಹೋಗೂದಂತ?"

"ಮೊದಲ ಕುಂದರೋ ಮಾರಾಯಾ. ನಿನ್ನ ತಮ್ಮಗ ಮಕ್ಕಳೆಷ್ಟು?"

"ಒಂದ ರೀ. ಗಂಗಾ."

"ದಿಲ್ಲಿಯವರು ಮೂರು ಅಂತಾರ. ಗಂಗಾದೇವಿ, ಏಳು ವರ್ಷ. ಬಾಳಪ್ಪ, ಐದು ವರ್ಷ. ಭೀಮಕ್ಕ, ಮೂರು ವರ್ಷ."

ಗುರುಪಾದಪ್ಪ ದೊಡ್ಡದಾಗಿ ನಕ್ಕ. "ದಿಲ್ಲಿ ಮಂದಿಗೆ ತಲಿ ಕೆಟ್ಟೈತ್ರಿ. ಯಾರದೋ ಮಕ್ಕಳನ್ನ ತಂದು ನಮಗ ಹಚ್ಯಾರ."

"ಅವರು ಹಚ್ಚಿಲ್ಲ. ನೀ ಕಳಿಸಿದ ರೇಷನ್ ಕಾರ್ಡಿನ್ಯಾಗ ಐತಿ. ನಾನ ಕೈಯಾರೆ ಇಂಗ್ಲೀಷಿಗೆ ತಂದೀನಿ."

"ಮತ್ತ ಆವಾಗ ಹೇಳಬಾರದೇನ್ರಿ?"

"ತರ್ಜುಮಾ ಮಾಡ್ರಿ ಅಂದಿ, ಮಾಡಿದೆ. ಮಕ್ಕಳನ್ನ ಎಣಿಸ್ರಿ ಅಂದಿದ್ದೇನು?"

ಅಡುಗೆ ಮನೆಯಿಂದ ಗುರುಪಾದಪ್ಪನ ಹೆಂಡತಿ ನಿಂಗವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಅಯ್ಯ, ಮರತ್ರೇನು? ಅವು ನಮ್ಮ ಸಕ್ಕರಿ ಮಕ್ಕಳಲ್ಲೇನು!"

ಗುರುಪಾದಪ್ಪ ಅಲ್ಲಿಯೇ ಕುಳಿತ.

ಎಂಬತ್ತನೆಯ ಇಸವಿಯ ಸಂಕ್ರಾಂತಿಗೆ ಊರಲ್ಲಿ ಸಕ್ಕರೆ ಇರಲಿಲ್ಲ. ಕುಸುರೆಳ್ಳಿಗೆ ಪಾಕ ಹಿಡಿಯಲು ಸಕ್ಕರೆ ಬೇಕೇ ಬೇಕು, ರೇಷನ್ ಅಂಗಡಿಯಲ್ಲಿ ತಲೆ ಎಣಿಸಿ ಕೊಡುತ್ತಿದ್ದರು. ಎರಡು ತಲೆ ಹೆಚ್ಚಿಸಿದರೆ ಆಯಿತು ಎಂದು ನಿಂಗವ್ವ ಅಂದಳು. ಐವತ್ತೆರಡರ ವಯಸ್ಸಿನಲ್ಲಿ ತನ್ನ ಹೆಸರಿಗೆ ಎರಡು ವರ್ಷದ ಕೂಸು ಬರೆಸಲು ಗುರುಪಾದಪ್ಪನಿಗೆ ನಾಚಿಕೆಯಾಯಿತು. ಅದಕ್ಕೆ ತಮ್ಮನ ಹೆಸರಿಗೆ ಬರೆಸಿದ. ಕೆನಡಾದಲ್ಲಿ ಕುಳಿತವನನ್ನು ಯಾರು ಕೇಳುತ್ತಾರೆ? ತಪಾಸಣೆಗೆ ಇನ್ಸ್‌ಪೆಕ್ಟರ್ ಬಂದಾಗ ಬಾಜು ಮನೆಯ ಮಾಯಕ್ಕ ತನ್ನ ಇಬ್ಬರು ಮಕ್ಕಳನ್ನು ಒಂದು ತಾಸಿನ ಮಟ್ಟಿಗೆ ಕಡ ಕೊಟ್ಟಳು. ಆ ಓಣಿಯಲ್ಲಿ ಅದು ಹೊಸದಲ್ಲ. ಒರಳು, ಜರಡಿ, ಮಕ್ಕಳು, ಇವು ಮೂರನ್ನು ಅಲ್ಲಿ ಯಾರೂ ಇಲ್ಲವೆನ್ನುತ್ತಿರಲಿಲ್ಲ.

"ಇನ್ನೂ ಐತಿ ಕೇಳು," ಅಂದರು ಮಾಸ್ತರರು. "ಹೋಗವರು, ಇಲ್ಲೇ ಉಳಿಯವರು, ಎಲ್ಲಾ ಮಕ್ಕಳನ್ನೂ ಡಾಕ್ಟರಿಗೆ ತೋರಸಬೇಕಂತ."

"ಹುಟ್ಟದವರನ್ನ ಯಾ ಡಾಕ್ಟರಿಗೆ ತೋರಸಲಿರಿ?"

"ಅದರ ಮ್ಯಾಲೆ ಇದೊಂದು. ನಾಗಲಿಂಗ ಎಪ್ಪತ್ನಾಲ್ಕರಾಗ ಅಲ್ಲಿ ಇಳದಾನ, ಒಮ್ಮಿನೂ ಹೊಳ್ಳಿ ಬಂದಿಲ್ಲ. ಹಂಗಿದ್ದರ ಎಪ್ಪತ್ತಾರರಾಗ ಒಂದು, ಎಪ್ಪತ್ತೆಂಟರಾಗ ಒಂದು ಹೆಂಗ ಹುಟ್ಟಿದುವು ಅಂತ ಕೇಳ್ಯಾರ. ತೊಂಬತ್ತು ದಿನದಾಗ ಉತ್ತರ ಹೋಗದಿದ್ದರ ಅರ್ಜಿ ರದ್ದು. ಇದರ ನಕಲು ನಾಗಲಿಂಗಗೂ ಕಳಿಸ್ಯಾರ."

ಮಗ್ಗಗಳು ಖಟಖಟ ಅನ್ನುತ್ತಲೇ ಇದ್ದವು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಗುರುಪಾದಪ್ಪನ ಮನೆಯಲ್ಲಿ ಅದು ಎರಡು ಕಿಲೋ ಸಕ್ಕರೆಗೆ ಹೊರಟು ನಿಂತಿತ್ತು, ಅದೂ ತಮ್ಮನ ಹೆಂಡತಿಯ ಮಾನ.

ಮರುದಿನ ಅವನು ರೇಷನ್ ಕಚೇರಿಯ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತ. ಗುಮಾಸ್ತ ಎಲೆ ಅಡಿಕೆ ಹಾಕಿಕೊಂಡು ಕಾರ್ಡು ನೋಡಿದ.

"ಹೆಸರು ಯಾಕ ತೆಗೀಬೇಕು?"

"ಮಕ್ಕಳು ಇಲ್ರಿ."

"ತೀರಿಕೊಂಡುವೇನು? ಅಯ್ಯ ಪಾಪ. ಮರಣದ ದಾಖಲೆ ತರ್ರಿ."

"ತೀರಿಕೊಂಡಿಲ್ರಿ. ಹುಟ್ಟೇ ಇಲ್ಲ."

ಗುಮಾಸ್ತ ದೊಡ್ಡ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದ. "ನೋಡ್ರಿ ಯಜಮಾನ್ರ, ಹೆಸರು ಕಡಿಮಿ ಮಾಡಾಕ ಇಲ್ಲಿ ಎರಡ ಕಾರಣ ಅದಾವ. ಒಂದು, ಸತ್ತಾರ. ಎರಡು, ಬ್ಯಾರೆ ಊರಿಗೆ ಹೋಗ್ಯಾರ. ಹುಟ್ಟಿಲ್ಲ ಅನ್ನೂ ಕಾಲಂ ಸರ್ಕಾರ ಹಾಕಿಲ್ಲ. ಯಾವುದರಾಗ ಬರೀಲಿ?"

ಇಲ್ಲದ ಮಕ್ಕಳಾದರೂ ಸಾಯಿಸಲು ಗುರುಪಾದಪ್ಪನಿಗೆ ಮನಸ್ಸು ಬರಲಿಲ್ಲ. ಒಂದೂವರೆ ವರ್ಷ ಅವರ ಪಾಲಿನ ಸಕ್ಕರೆ ತಿಂದಿದ್ದ.

"ಬ್ಯಾರೆ ಊರಿಗೆ ಹೋಗ್ಯಾರ ಅಂತ ಬರೀರಿ."

"ಯಾ ಊರು?"

ಗುರುಪಾದಪ್ಪನಿಗೆ ತಟ್ಟನೆ ನೆನಪಾದದ್ದು ಖಾನಾಪುರ. ಶಿವಲಿಂಗವ್ವನ ತವರು ಅದು. ಭತ್ತದ ನಾಟಿ ಎಂದು ಅವಳು ಮಗಳನ್ನು ಕರೆದುಕೊಂಡು ಅಣ್ಣ ಸಿದರಾಯನ ಮನೆಗೆ ಹೋಗಿದ್ದಳು. ಗುಮಾಸ್ತ ಚೀಟಿ ಬರೆದುಕೊಟ್ಟ. "ಇದನ್ನ ಖಾನಾಪುರದಾಗ ಅವರ ಕಾರ್ಡಿಗೆ ಏರಿಸಿ, ಅಲ್ಲಿಯ ಶಿಕ್ಕಾ ಹಾಕಿಸಿಕೊಂಡು ಬರ್ರಿ. ಆಮ್ಯಾಲೆ ಇಲ್ಲಿ ಹೆಸರಿನ ಮ್ಯಾಲೆ ಗೆರಿ ಹೊಡೀತೀನಿ."

ಖಾನಾಪುರದ ಬಸ್ಸಿನಲ್ಲಿ ಗುರುಪಾದಪ್ಪ ಬಹಳ ಹಗುರಾದ ಮನಸ್ಸಿನಿಂದ ಕುಳಿತ. ಮಕ್ಕಳು ವಡಗಾವಿಯಿಂದ ಹೋದವು. ಖಾನಾಪುರದಲ್ಲಿ ಏನಾಗುತ್ತದೋ ಅದು ಖಾನಾಪುರದವರ ಪಾಡು. ಅವನ ಬುದ್ಧಿ ಅಲ್ಲಿಯವರೆಗೆ ಓಡಿ, ಬಸ್ಸು ನಿಂತಂತೆ ನಿಂತಿತು.

ಸಿದರಾಯ ಕೆಸರುಗಾಲಲ್ಲಿ ಗದ್ದೆಯಿಂದ ಬಂದು ಚೀಟಿ ನೋಡಿ ಅರಳಿದ. "ಎರಡು ತಲಿ ನಮ್ಮ ಕಾರ್ಡಿಗೆ? ಬೀಗರ, ನಿಮ್ಮಂಥ ಬೀಗರು ಸಿಗಬೇಕಲ್ರಿ! ದೀಪಕ್ಕ ಘಾಸಲೇಟನೂ ಹೆಚ್ಚಿಗೆ ಬರತೈತೇನು?"

ಹಿಂದೆ ನಡುಮನೆಯ ಬಾಗಿಲಲ್ಲಿ ಶಿವಲಿಂಗವ್ವ ನಿಂತಿದ್ದಳು. ಗಂಡನ ಅಣ್ಣನ ಕೂಡ ನೇರ ಮಾತಾಡುವ ಪದ್ಧತಿ ಅವರಲ್ಲಿರಲಿಲ್ಲ. ಸೆರಗು ಮುಂದೆಳೆದುಕೊಂಡು, ಎದುರಿನ ಕಂಬಕ್ಕೆ ಕೇಳಿದಳು.

"ಇವು ಯಾರ ಮಕ್ಕಳಂತ?"

ಗುರುಪಾದಪ್ಪನೂ ಕಂಬಕ್ಕೇ ಹೇಳಿದ. ಸಂಕ್ರಾಂತಿಯಿಂದ ಹಿಡಿದು ದಿಲ್ಲಿಯ ಪತ್ರದವರೆಗೆ ಹೇಳಿದ. ಎಪ್ಪತ್ತಾರು, ಎಪ್ಪತ್ತೆಂಟರ ಮಾತು ಬಂದಾಗ ದನಿ ಸಣ್ಣದು ಮಾಡಿದ. ಕಂಬ ಸುಮ್ಮನಿತ್ತು. ಶಿವಲಿಂಗವ್ವ ಸೆರಗನ್ನು ಹಿಂದೆ ಸರಿಸಿ, ಕಂಬವನ್ನು ದಾಟಿ ಬಂದು ಮುಂದೆ ನಿಂತಳು.

"ಸಕ್ಕರಿ ತಿಂದವರು ನೀವು, ಹಡದಾಕಿ ನಾನು! ಏಳು ವರ್ಷ ಆತು ಭಾವಾ, ಗಂಡನ ಮಾರಿ ನೋಡಿಲ್ಲ. ಈ ಕೂಸು ಅಪ್ಪ ಅಂದ್ರ ಫೋಟೋ ಅಂತ ತಿಳದೈತಿ. ಅಲ್ಲಿ ಆ ಪತ್ರ ಓದಿ ಅವರೇನು ತಿಳಕೊಂಡಾರು? ನೀವು ಎಳ್ಳಿಗೆ ಪಾಕ ಹಚ್ಚಾಕ ಹೋಗಿ ನನ್ನ ಮಾರಿಗೆ ಮಸಿ ಹಚ್ಚಿದ್ರಿ!"

"ಅದಕ್ಕ ತಂಗಿ, ಈ ಚೀಟಿ..."

"ಈ ಚೀಟಿ ಏರಿಸಿದ್ರ ಏನಾಗತೈತಿ? ಮಕ್ಕಳು ತಾಯಿ ಕೂಡ ತವರಮನ್ಯಾಗ ಅದಾವ ಅಂತ ಸರ್ಕಾರದ ಶಿಕ್ಕಾ ಬೀಳತೈತಿ. ತಿಳೀತೇನು?"

ಗುರುಪಾದಪ್ಪನಿಗೆ ಆಗ ತಿಳಿಯಿತು. ಅವಳು ಚೀಟಿಯನ್ನು ಇಸಿದುಕೊಂಡು ನಾಲ್ಕು ತುಂಡು ಮಾಡಿ ಒಲೆಗೆ ಹಾಕಿದಳು. ಸಿದರಾಯ ಒಲೆಯ ಕಡೆಗೆ ನೋಡಿ ಘಾಸಲೇಟಿಗಾಗಿ ನಿಟ್ಟುಸಿರು ಬಿಟ್ಟ.

"ಹೋಗಿ ಖರೇ ಹೇಳ್ರಿ," ಅಂದಳು ಶಿವಲಿಂಗವ್ವ. "ಬರೇ ಖರೇ. ಮತ್ತೇನೂ ಕೂಡಸಬ್ಯಾಡ್ರಿ."

ಅವನು ಬಸ್ಸು ಹತ್ತುವುದರೊಳಗೆ ಸುದ್ದಿ ಓಣಿ ದಾಟಿತ್ತು. ದಾಟುವಾಗ ಸ್ವಲ್ಪ ಉಬ್ಬಿತ್ತು. ಸಿದರಾಯನ ಸೋದರತ್ತೆ ಭರಮವ್ವ ಮೊಮ್ಮಗನನ್ನು ಸೊಂಟದ ಮೇಲೆ ಕೂಡಿಸಿಕೊಂಡು ಬಸ್ ನಿಲ್ದಾಣಕ್ಕೇ ಬಂದಳು.

"ತಮ್ಮಾ ಗುರುಪಾದ, ಕೆನಡಾದ ಕಾಗದದಾಗ ಎರಡು ಜಾಗಾ ಖಾಲಿ ಅದಾವಂತಲ್ಲ? ಇವನ್ನ ಹಾಕೊ. ಹೆಸರು ಬಾಳಪ್ಪ ಅಂತ ಹೊಳ್ಳಿ ಇಟ್ಟರಾತು."

"ಅತ್ತೀ, ಅವು ಖಾಲಿ ಜಾಗಾ ಅಲ್ಲ, ಸುಳ್ಳ ಹೆಸರು."

"ಸುಳ್ಳ ಯಾಕಾಗತೈತಿ? ಹುಡುಗ ಖರೇನ ಅದಾನಲ್ಲ, ಮುಟ್ಟಿ ನೋಡು!"

ಅವಳ ಹಿಂದೆ ಚಹಾದಂಗಡಿಯ ಮರಾಠಿ ಮುದುಕನೊಬ್ಬ, "ಆಮಚಾ ಪೋರಗಾ ಪಣ ಘ್ಯಾ ಹೋ," ನಮ್ಮ ಹುಡುಗನನ್ನೂ ತೆಗೆದುಕೊಳ್ಳಿರಿ ಎಂದು ಮೊಮ್ಮಗನನ್ನು ಮುಂದೆ ದೂಡಿದ. ಆ ಪೋರನಿಗೆ ಮೀಸೆ ಮೂಡಿತ್ತು. "ಹೆಸರು ಭೀಮಕ್ಕ ಅಂತ ಐತ್ರೆಪ್ಪಾ, ಹೆಣ್ಣುಮಗಳ ಹೆಸರು!" ಎಂದು ಗುರುಪಾದಪ್ಪ ಬಸ್ಸಿನ ಕಿಟಕಿಯಿಂದ ಕೈ ಮುಗಿದ. ಮುದುಕ ಕ್ಷಣ ವಿಚಾರ ಮಾಡಿ ಹುಡುಗನ ಮೀಸೆ ನೋಡಿದ. ಪುಣ್ಯಕ್ಕೆ ಬಸ್ಸು ಹೊರಟಿತು.

ವಡಗಾವಿಯಲ್ಲಿ ತಾರು ಕಾದಿತ್ತು. ಮಾಸ್ತರರು ಓದಿ ಹೇಳಿದರು: ಯಾರು ಬಾಳಪ್ಪ, ಯಾರು ಭೀಮಕ್ಕ, ತಿಳಿಯುವ ತನಕ ಜಾಮೀನು ನಿಲ್ಲಿಸಿದ್ದೇನೆ, ನಾಗಲಿಂಗ.

ತಾರಿಗೆ ತಾರಿನಿಂದಲೇ ಉತ್ತರ ಹೋಗಬೇಕು ಎಂದು ಗುರುಪಾದಪ್ಪ ಹಟ ಹಿಡಿದ. ತಾರು ಕಚೇರಿಯಲ್ಲಿ ನಿಂತು, ಖರೇ ಮಾತ್ರ ಹೇಳು, ಏನೂ ಕೂಡಿಸಬೇಡ ಎಂದದ್ದನ್ನು ನೆನೆದು, ನಾಲ್ಕೇ ಶಬ್ದ ಬರೆಸಿದ: ನೋ ಚಿಲ್ಡ್ರನ್ ಓನ್ಲಿ ಶುಗರ್. ತಾರಿನ ಬಾಬು ಅದನ್ನು ಮೂರು ಸಲ ಓದಿ, ಇದು ಗುಪ್ತ ಭಾಷೆಯೇನು ಎಂದು ಕೇಳಿದ. ನಾಲ್ಕನೆಯ ದಿನ ಕೆನಡಾದಿಂದ ಎರಡು ಶಬ್ದ ಬಂದವು: ವಾಟ್ ಶುಗರ್.

ಆಗ ಮಾಸ್ತರರು ಕೈ ಮುಗಿದು, "ಇನ್ನ ತಾರು ಸಾಕು ಮಾಡು. ನಾ ಪತ್ರ ಬರೀತೀನಿ. ನೀ ಕಚೇರಿಗೆ ಖರೇ ಬರದು ಕೊಡು. ಆ ಹೆಸರು ಹೊಡದ ಕಾಗದ ಕೈಗೆ ಬರೂತನಕ ನಿನ್ನ ತಮ್ಮ ನಂಬೂದಿಲ್ಲ, ದಿಲ್ಲಿ ನಂಬೂದಿಲ್ಲ," ಅಂದರು.

ಸುಳ್ಳು ಬರೆಸುವಾಗ ಗುರುಪಾದಪ್ಪನಿಗೆ ಒಂದು ಅರ್ಜಿ ಸಾಕಾಗಿತ್ತು. ಖರೇ ಬರೆಸಲು ಒಂದು ತಿಂಗಳು ಹಿಡಿಯಿತು. ಛಾಪಾ ಕಾಗದ, ವಕೀಲರ ಸಹಿ, ಪ್ರಮಾಣ. ಮೊದಲ ಅರ್ಜಿಯನ್ನು ಗುಮಾಸ್ತ ಹಿಂದೆ ಕೊಟ್ಟ, ಮಕ್ಕಳ ಜನ್ಮ ತಾರೀಖು ಬರೆದಿಲ್ಲವೆಂದು. ಎರಡನೆಯದನ್ನು, ತಾಯಿಯ ಸಹಿ ಇಲ್ಲವೆಂದು. ಮೂರನೆಯದನ್ನು ಇಟ್ಟುಕೊಂಡು ಹೇಳಿದ: "ಇನ್ಸ್‌ಪೆಕ್ಟರ್ ಸಾಹೇಬರು ಮನಿಗೆ ಬಂದು, ಮಕ್ಕಳು ಇಲ್ಲದ್ದನ್ನ ಕಣ್ಣಾರೆ ನೋಡಬೇಕು."

"ಇಲ್ಲದ್ದನ್ನ ಹೆಂಗ ನೋಡ್ತಾರ್ರಿ?"

"ಅದು ಅವರ ಕೆಲಸ. ಅದಕ್ಕ ಅವರಿಗೆ ಪಗಾರ ಕೊಡತಾರ."

ಶ್ರಾವಣದ ಎರಡನೆಯ ವಾರ ಇನ್ಸ್‌ಪೆಕ್ಟರ್ ಬರುವ ದಿನ ಗೊತ್ತಾಯಿತು. ಶಿವಲಿಂಗವ್ವ ಮಗಳೊಡನೆ ಹಿಂದಿನ ದಿನವೇ ಖಾನಾಪುರದಿಂದ ಬಂದಳು. ದಿಲ್ಲಿ ಕೊಟ್ಟ ಗಡುವಿನಲ್ಲಿ ಉಳಿದದ್ದು ಮೂವತ್ತೊಂದು ದಿನ. ಗುರುಪಾದಪ್ಪ ಕಟ್ಟೆ ತೊಳೆಸಿ, ಕುರ್ಚಿ ಇಡಿಸಿ, ವಿಭೂತಿ ಧರಿಸಿ ಕುಳಿತ. ಮಾಡಬೇಕಾದದ್ದನ್ನೆಲ್ಲ ಮಾಡಿದ್ದ, ಒಂದನ್ನು ಬಿಟ್ಟು. ನಾಚಿಕೆಗೆ ಅಂಜಿ ಓಣಿಯವರಿಗೆ ಏನೂ ಹೇಳಿರಲಿಲ್ಲ.

ಓಣಿ ತನ್ನ ಧರ್ಮ ಮರೆಯಲಿಲ್ಲ. ಮೂಲೆಯಲ್ಲಿ ಇನ್ಸ್‌ಪೆಕ್ಟರರ ಸೈಕಲ್ಲು ಕಂಡದ್ದೇ ತಡ, ಮಗ್ಗಗಳು ಒಂದೊಂದಾಗಿ ನಿಂತವು. ಸಾಹೇಬರು ಕುರ್ಚಿಯಲ್ಲಿ ಕುಳಿತು ಕಾಗದ ಬಿಚ್ಚುವುದರೊಳಗೆ ಮಾಯಕ್ಕ ತನ್ನ ಇಬ್ಬರು ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಕೈ ಹಿಡಿದು ಕರೆತಂದು ಮುಂದೆ ನಿಲ್ಲಿಸಿದಳು.

"ಬಂದ್ರೇನ್ರಿ ಸಾಹೇಬರ? ಮಕ್ಕಳು ಆಡಾಕ ಹೋಗಿದ್ದುವು ನೋಡ್ರಿ."

ಇನ್ಸ್‌ಪೆಕ್ಟರರು ಹುಡುಗನನ್ನು ಕರೆದರು. "ನಿನ್ನ ಹೆಸರೇನೋ?"

ಆ ಹುಡುಗನ ಹೆಸರು ಲಕ್ಷ್ಮಪ್ಪ. ಆದರೆ ಕಲಿಸಿದ್ದನ್ನು ಮರೆಯುವ ಹುಡುಗನಲ್ಲ. "ಬಾಳಪ್ಪ ರೀ. ನಮ್ಮಪ್ಪ ನಾಗಲಿಂಗಪ್ಪ ರೀ. ಇಕಿ ನಮ್ಮ ತಂಗಿ ಭೀಮಿ ರೀ."

"ಏನ್ರಿ ಯಜಮಾನ್ರ," ಅಂದರು ಇನ್ಸ್‌ಪೆಕ್ಟರರು, "ಹುಟ್ಟಿಲ್ಲ ಅಂತ ಪ್ರಮಾಣ ಮಾಡೀರಿ. ಹುಟ್ಟಿದ್ದಲ್ಲದ ತಲಿ ಬಾಚಿಕೊಂಡು ಬಂದು ನಿಂತಾವಲ್ಲ?"

"ಇವು ಹುಟ್ಯಾವ್ರಿ. ಇವು ಹುಟ್ಟಿದ್ದು ಖರೇ. ಆದರ ಇವು ಅವು ಅಲ್ರಿ. ಅವು ಹುಟ್ಟಿಲ್ಲ."

"ಸುಮ್ನಿರ್ರಿ ಗುರುಪಾದಣ್ಣಾ, ನಾ ಅದೀನಿ," ಎಂದು ಮಾಯಕ್ಕ ಪಿಸುಗುಟ್ಟಿದಳು. ಆಮೇಲೆ ಸಾಹೇಬರಿಗೆ, "ಅವರ ಮಾತು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ, ಮಳಿಗಾಲದಾಗ ಅವರಿಗೆ ಹಿಂಗ ಆಗತೈತಿ," ಅಂದಳು. ಕಟ್ಟೆಯ ಸುತ್ತ ಸೇರಿದವರೆಲ್ಲ ಹೌದು ಹೌದೆಂದರು. ಒಬ್ಬ ಮುದುಕಿ ತಾನೇ ಆ ಕೂಸುಗಳಿಗೆ ಎರೆದು ನೀರು ಹಾಕಿದೆ ಅಂದಳು. ಇನ್ನೊಬ್ಬ, ಬಾಳಪ್ಪ ಥೇಟ್ ನಾಗಲಿಂಗನ ಮಾರಿ ಅಂದ. ಒಂದೊಂದು ಸಾಕ್ಷಿಗೂ ಕೆನಡಾ ನೂರು ಮೈಲಿ ದೂರ ಸರಿಯುತ್ತಿತ್ತು. ಗುರುಪಾದಪ್ಪ ಎದ್ದು ನಿಂತು, ಎರಡೂ ಕೈಯಿಂದ ತಲೆ ಹಿಡಿದುಕೊಂಡು, ಜನ್ಮದಲ್ಲಿ ಮೊದಲ ಸಲ ತನ್ನ ತಪ್ಪನ್ನು ಓಣಿಯ ನಡುವೆ ಒದರಿದ: "ನಾ ಸುಳ್ಳ ಬರಸೀನ್ರೋ! ಸಕ್ಕರಿ ಸಲುವಾಗಿ ಸುಳ್ಳ ಬರಸೀನಿ!"

"ಪಾಪ," ಅಂದಳು ಮುದುಕಿ. "ಜೋರ ಆಗೈತಿ."

ಇನ್ಸ್‌ಪೆಕ್ಟರರು ಪೆನ್ನಿನ ಟೊಪ್ಪಿಗೆ ತೆಗೆದು, ಮಕ್ಕಳಿಬ್ಬರೂ ಹಾಜರಿದ್ದಾರೆ ಎಂದು ಬರೆಯತೊಡಗಿದರು. ಆಗ ಬಾಗಿಲ ಮರೆಯಿಂದ ಶಿವಲಿಂಗವ್ವ ಹೊರಗೆ ಬಂದಳು.

"ಬರೀರಿ ಸಾಹೇಬರ. ನನ್ನ ಮಕ್ಕಳ," ಎಂದು ಇಬ್ಬರ ಕೈಗಳನ್ನೂ ಹಿಡಿದಳು. "ಬಾ ಬಾಳಪ್ಪ, ಬಾ ಭೀಮಕ್ಕ. ಮಂದಿ ಮನ್ಯಾಗ ಇದ್ದದ್ದು ಸಾಕು. ಇವತ್ತಿಂದ ಇಲ್ಲೇ ಉಣ್ಣೂದು, ಇಲ್ಲೇ ಮಲಗೂದು. ನಾಳೆ ಡಾಕ್ಟರು, ಆಮ್ಯಾಲೆ ಕೆನಡಾ. ಹತ್ತು ವರ್ಷ ಇತ್ತ ಹೊಳ್ಳಿ ನೋಡೂದಿಲ್ಲ."

ಮಾಯಕ್ಕನ ನಗು ಅರ್ಧಕ್ಕೆ ನಿಂತಿತು. ಹುಡುಗ ಕಣ್ಣರಳಿಸಿ ಕೇಳಿದ. "ವಿಮಾನದಾಗ ಏನು?"

"ವಿಮಾನದಾಗ."

"ಹಂಗಾರ ಬರ್ತೀನಿ ನಡಿ ಅವ್ವಾ!"

"ಯಾರಿಗೆ ಅವ್ವ ಅಂತೀಯೋ ಬಾಡ್ಯಾ!" ಮಾಯಕ್ಕ ಹಾರಿ ಬಂದು ಎರಡೂ ಮಕ್ಕಳನ್ನು ಕಸಿದು ಎದೆಗೆ ಅವಚಿಕೊಂಡಳು. "ನಾ ಹಡದೀನಿ ಇವನ್ನ! ಮೂರು ದಿನ ಬ್ಯಾನಿ ತಿಂದು ಹಡದೀನಿ! ಇವ ಲಕ್ಷ್ಮಪ್ಪ, ಇಕಿ ಕಸ್ತೂರಿ. ಅವರ ಮನಿಗೂ ಇವಕ್ಕೂ ಏನೂ ಸಂಬಂಧಿಲ್ಲ! ಕೇಳ್ರಿ ಬೇಕಾದವರನ್ನ!"

ಇನ್ಸ್‌ಪೆಕ್ಟರರು ತಲೆ ಎತ್ತಿದರು. "ಇದನ್ನ ಬರದು ಕೊಡತೀರೇನು?"

"ಬರದೂ ಕೊಡತೀನಿ, ಹೆಬ್ಬಟ್ಟೂ ಒತ್ತತೀನಿ!"

ಅವರು ಮುದುಕಿಯ ಕಡೆಗೆ ತಿರುಗಿದರು. ತಾನು ಎರೆದದ್ದು ಇವೇ ಕೂಸುಗಳಿಗೆ, ಆದರೆ ಮಾಯಕ್ಕನ ಬಚ್ಚಲಲ್ಲಿ ಎಂದು ಮುದುಕಿ ನೆನಪು ಮಾಡಿಕೊಂಡಳು. ನಾಗಲಿಂಗನ ಮಾರಿ ಕಂಡವನಿಗೆ ಈಗ ಬೇರೆ ಮಾರಿ ಕಂಡಿತು. ಸಾಹೇಬರು ಎಲ್ಲರ ಹೆಬ್ಬೆಟ್ಟು ಒತ್ತಿಸಿಕೊಂಡು, ಓಣಿಯ ಉದ್ದಗಲ ನೋಡಿ, "ಬಂದದ್ದ ಬಂದೀನಿ, ಉಳಿದ ಕಾರ್ಡುಗಳನ್ನೂ ನೋಡಿ ಹೋಗಲೇನು?" ಅಂದರು. ಅರೆಗಳಿಗೆಯಲ್ಲಿ ಕಟ್ಟೆಯ ಸುತ್ತ ಒಬ್ಬರೂ ಉಳಿಯಲಿಲ್ಲ; ಮಗ್ಗಗಳೆಲ್ಲ ಒಮ್ಮೆಲೇ ಶುರುವಾದವು.

ಹೆಸರುಗಳ ಮೇಲೆ ಕೆಂಪು ಗೆರೆ ಬಿತ್ತು. ಜೊತೆಗೆ ಒಂದು ವರ್ಷ ಗುರುಪಾದಪ್ಪನ ಮನೆಗೆ ಸಕ್ಕರೆಯೂ ಬಂದ್ ಆಯಿತು. ದಿಲ್ಲಿಗೆ ಕಳಿಸುವ ಲಕೋಟೆಯಲ್ಲಿ ಓಣಿಯವರ ಹೆಬ್ಬೆಟ್ಟುಗಳನ್ನೂ ಗಂಗಾದೇವಿಗೆ ಸಾಲೆಯಲ್ಲಿ ಬಂದ ಬಹುಮಾನದ ಚೀಟಿಯನ್ನೂ ಇಡಬೇಕೆಂದು ಅವನ ಕೈ ಕಡಿಯುತ್ತಿತ್ತು. ಶಿವಲಿಂಗವ್ವ ಅಂಚೆ ಕಚೇರಿಯ ತನಕ ಹಿಂದೆಯೇ ನಡೆದು ಬಂದು, ಹೆಸರು ಹೊಡೆದ ಒಂದೇ ಕಾಗದ ಒಳಗೆ ಹೋದದ್ದನ್ನು ನೋಡಿ ತಿರುಗಿದಳು. ದೀಪಾವಳಿಗೆ ನಾಗಲಿಂಗನ ಪತ್ರ ಬಂತು. ಅಣ್ಣನಿಗೆ ಅದರಲ್ಲಿ ಒಂದೇ ಸಾಲಿತ್ತು: ನನ್ನ ಹೆಸರಿಗೆ ಇನ್ನೇನಾದರೂ ಹುಟ್ಟಿಸಿದ್ದರೆ ಈಗಲೇ ಹೇಳು. ಶಿವಲಿಂಗವ್ವನಿಗೆ ನಾಲ್ಕು ಹಾಳೆಗಳಿದ್ದವು. ಅವನ್ನು ಅವಳು ಮಾಸ್ತರರ ಹತ್ತಿರ ಒಯ್ಯಲಿಲ್ಲ, ಅಕ್ಷರ ಕೂಡಿಸಿ ಕೂಡಿಸಿ ತಾನೇ ಓದಿಕೊಂಡಳು. ಸಂಕ್ರಾಂತಿಯ ಮುಂಚೆ ದಿಲ್ಲಿಯಿಂದ ಪರವಾನಗಿ ಬಂತು.

ಮೀರಜಕ್ಕೆ ಹೋಗುವ ಗಾಡಿ ಖಾನಾಪುರದ ಕಡೆಯಿಂದ ಬಂತು. ಮುಂಬಯಿಯ ತನಕ ಕಳಿಸಿಕೊಡಲು ಸಿದರಾಯ ಅದರಲ್ಲಿ ಜಾಗ ಹಿಡಿದು ಕುಳಿತಿದ್ದ. ಬೆಳಗಾವಿ ನಿಲ್ದಾಣದಲ್ಲಿ ಅರ್ಧ ವಡಗಾವಿ ಸೇರಿತ್ತು. ಮಾಯಕ್ಕ ಮಾತ್ರ ಮಕ್ಕಳಿಬ್ಬರನ್ನೂ ಗಟ್ಟಿಯಾಗಿ ಹಿಡಿದು ದೂರದ ನಳದ ಹತ್ತಿರ ನಿಂತಿದ್ದಳು. ನಿಂಗವ್ವ ಅತ್ತು ಅತ್ತು ಮೂಗು ಕೆಂಪು ಮಾಡಿಕೊಂಡಿದ್ದಳು. ಇಷ್ಟು ಮಂದಿಯನ್ನು ನೋಡಿ, ಅವರ ಬಾಯಲ್ಲಿ ವಿಮಾನದ ಮಾತು ಕೇಳಿ, ಟಿಕೀಟು ನೋಡುವವನು ಗಾಬರಿಯಿಂದ ಕೇಳಿದ.

"ವಿಮಾನ ಹತ್ತವರು ಎಷ್ಟು ಮಂದಿ?"

ಗುರುಪಾದಪ್ಪ ಬೋಗಿಯ ಕಿಟಕಿಗೆ ಬೆರಳು ಚಾಚಿ ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಇಬ್ಬರು ರೀ. ಇಬ್ಬರ."

ಗಾಡಿ ಹೊರಟಿತು. ಗಂಗಾದೇವಿ ಕೈ ಬೀಸಿದಳು. ಶಿವಲಿಂಗವ್ವ ಮುಂದಕ್ಕೆ ನೋಡುತ್ತಿದ್ದಳು. ಹೋದವರು ಅವರಿಬ್ಬರು, ಎಂಬತ್ತೆರಡರ ಫೆಬ್ರುವರಿ ಒಂದನೇ ತಾರೀಖು, ಸೋಮವಾರ.